ಕಣ್ಣಳತೆ

ಅಂಗನವಾಡಿಯ ತೂಕದ ರಿಜಿಸ್ಟರಿನ ಕೊನೆಯ ಹಾಳೆಗಳಲ್ಲಿ
ಆ ವರ್ಷ ಬಾವಿಗಳನ್ನು ಬರೆದುಕೊಂಡೆ.
ಬೇಲೇಕೇರಿಯ ನಮ್ಮ ಕೇರಿಗೆ ಮೂವತ್ತೊಂದು.
ಕಟ್ಟೆ ಇರುವವು ಹನ್ನೆರಡು.
ಉಳಿದವು ನೆಲಮಟ್ಟ,
ಮರಳಿನಲ್ಲಿ ತೆರೆದ ಬಾಯಿ,
ಸುತ್ತ ಹುಲ್ಲು, ಪಾಚಿ ಹಿಡಿದ ಕಲ್ಲು,
ಅಡ್ಡಕ್ಕೊಂದು ತೆಂಗಿನ ತುಂಡು.

ಜಟ್ಟಿ ಹರಿಕಂತ್ರನ ಹಿತ್ತಲಿನದನ್ನು
ಮೊದಲು ಬರೆಯಬೇಕಿತ್ತು, ಕೊನೆಗೆ ಬರೆದೆ.
ಅದರ ನೀರನ್ನು ಈಗ ಯಾರೂ ಸೇದುವುದಿಲ್ಲ.
ಸುಜಯನ ತೂಕ ಹನ್ನೊಂದು ಕಿಲೋ ಇನ್ನೂರು
ಎಂದು ಜೂನ್ ತಿಂಗಳ ಸಾಲಿನಲ್ಲಿದೆ.
ಜುಲೈ ಸಾಲಿನಲ್ಲಿ ಗೆರೆ ಎಳೆದಿದ್ದೇನೆ,
ಅಳತೆಪಟ್ಟಿ ಇಟ್ಟು, ನೆಟ್ಟಗೆ,
ಬೇರೇನು ಮಾಡಲೂ ತೋಚದೆ.

ಪಂಚಾಯ್ತಿಯವರು ಅರ್ಜಿಗೆ ಮೊಹರು ಒತ್ತಿದರು.
ಮುಂದಿನ ಕ್ರಿಯಾಯೋಜನೆಯಲ್ಲಿ ನೋಡೋಣ ಎಂದರು.
ಮುಂದಿನದೆಂದರೆ ಏಪ್ರಿಲ್ ಕಳೆದ ಮೇಲೆ.
ಅಲ್ಲಿಯ ತನಕ ಅಂಬೆಗಾಲಿಡಬೇಡಿ ಎಂದು
ಯಾವ ಕೂಸಿಗೆ ಹೇಳಲಿ?

ದಕ್ಕೆಯ ನೆರಳಲ್ಲಿ ಬಲೆಯ ಹರಕು ಕೂಡಿಸುತ್ತಿದ್ದ ಪುರ್ಸಜ್ಜ
ತಲೆ ಎತ್ತದೆ ಕೇಳಿದ:
"ಅಕ್ಕೋರೆ, ಎರಡು ವರ್ಷದ ಹುಡ್ಗನ ಪಾದ ಎಷ್ಟಿರ್ತದೆ?"
ಬೆರಳು ಅಗಲಿಸಿ ತೋರಿಸಿದೆ.
ನೋಡಿದ. ತನ್ನ ಬೆರಳು ಪಕ್ಕಕ್ಕಿಟ್ಟ.
"ಹಂಗಾರೆ ಎರಡು ಬೆರಳ ಕಣ್ಣು.
ಪಾದ ಸಿಕ್ಕೂಕಾಗ."

ಅವನ ಅಟ್ಟದಿಂದ ಇಳಿಯಿತು ರಂಪಣಿ,
ಹೊಗೆ ಹಿಡಿದದ್ದು, ಅಲ್ಲಲ್ಲಿ ಇಲಿ ಕಡಿದದ್ದು,
ಎಂಬತ್ತು ಜನ ದಂಡೆಯಲ್ಲಿ ನಿಂತು
ಹಾಡಿ ಎಳೆಯುತ್ತಿದ್ದ ಬಲೆ.
ಈಗ ಹತ್ತು ಹೆಂಗಸರು ಅದರ ಸುತ್ತ ಕೂತೆವು.
ಮೀನು ಮಾರಿ ಬಂದ ಕೈ, ಪರಿಮಳ ಹೋಗದ ಕೈ,
ಎರಡೆರಡು ಪದರ ಸೇರಿಸಿ ಗಂಟು ಹಾಕಿದ್ದೇ ಹಾಕಿದ್ದು.

"ಕೊಡಪಾನ ಇಳಿಸೂದು ಹೆಂಗೆ?" ಎಂದಳು ಹೊಸಬಿ.
ಸರಿ, ಒಂದು ಬಾಗಿಲು ಕೊಯ್ದೆವು,
ಸೈಕಲ್ ಟ್ಯೂಬಿನ ಪಟ್ಟಿ, ಎಳೆಬೆರಳಿಗೆ ಬಗ್ಗದ ಕೊಕ್ಕೆ.
"ಗಂಗೆಗೇ ಬಲೆ ಬೀಸ್ತೀರೇ?" ಎಂದಳು ಮಂಕಾಳಿಯ ಅತ್ತೆ.
ಅವರ ಬಾವಿ ಬಿಟ್ಟೆವು.
ಸೊಸೆ ತವರಿನಿಂದ ಕೂಸು ಎತ್ತಿಕೊಂಡು ಬಂದ ದಿನ
ಕತ್ತಲಾದ ಮೇಲೆ ಆ ಅತ್ತೆ
ಪುರ್ಸಜ್ಜನ ಅಂಗಳದಲ್ಲಿ ನಿಂತಿದ್ದಳು.
ಮಾತಿಲ್ಲ. ಕೈಯಲ್ಲೊಂದು ಹಗ್ಗ, ಎರಡು ಗಂಟು,
ಗಂಟಿನಿಂದ ಗಂಟಿಗೆ ಅವರ ಬಾವಿಯ ಅಗಲ.

ಹದಿನೆಂಟು ಬಾವಿಗೂ ಜಟ್ಟಿಯೇ ಗೂಟ ಹೊಡೆದ.
ತನ್ನದರ ಹತ್ತಿರ ಬಂದಾಗ ಸುತ್ತಿಗೆ ಕೆಳಗಿಟ್ಟು
ಬೀಡಿ ಹುಡುಕುತ್ತ ಆಚೆ ಹೋದ.
ಅಲ್ಲಿ ನಾವು ಹೊಡೆದೆವು.
ಒಂದು ಗೂಟ ಇವತ್ತಿಗೂ ಸ್ವಲ್ಪ ಸೊಟ್ಟ.

ಮೇಲ್ವಿಚಾರಕಿ ಅಂಕೋಲೆಯಿಂದ ಬಂದು
ಎಷ್ಟು ಮಕ್ಕಳಿಗೆ ಪ್ರಯೋಜನ, ಬರೆಯಿರಿ ಎಂದರು.
ಬೀಳದ ಮಗುವಿಗೆ ನನ್ನ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.
ಹೊತ್ತಾಯಿತು, ಬಸ್ಸಿದೆ ಎಂದು
ಅವರೇ ಸೊನ್ನೆ ಬರೆದು ಹೋದರು.
ಆ ಸೊನ್ನೆಯನ್ನು ನಾನು ಅಳಿಸಿಲ್ಲ.

ಬಲೆ ತುಂಬಲೆಂದು ಹರಕೆ ಹೊರುವ ಊರು ಇದು.
ಬೆಳಗಾಗುತ್ತಲೇ ಈಗ ಹೆಂಗಸರು
ಬರಿದಾಗಿದೆಯೇ ಎಂದು ಬಗ್ಗಿ ನೋಡುತ್ತಾರೆ.
ತೆಂಗಿನ ಸಿಂಗಾರದ ಸಿಪ್ಪೆ, ಒಂಟಿ ಚಪ್ಪಲಿ,
ಒಮ್ಮೆ ಬಿಸಿಲು ಕಾಯಿಸುತ್ತ ಬೆಕ್ಕಿನ ಮರಿ.

ನಿನ್ನೆ ಹೊಸಬಿಯ ಮೊಮ್ಮಗಳು
ಬಾವಿಯ ಮೇಲೆ ಕೈ ಚಾಚಿ ಅಳುತ್ತಿದ್ದಳು.
ಓಡಿದೆ, ಎದೆ ಬಾಯಿಗೆ ಬಂದು.
ಬಲೆಯ ನಡುವೆ ಕೂತಿತ್ತು ಅವಳ ಹಳದಿ ಚೆಂಡು.
ಎತ್ತಿಕೊಟ್ಟೆ, ಬೆನ್ನಿಗೊಂದು ಕೊಟ್ಟೆ,
ಮತ್ತೆ ಸೊಂಟಕ್ಕೇರಿಸಿಕೊಂಡೆ.
ಚೆಂಡು ಒಣಗಿಯೇ ಇತ್ತು.