ಫೋನು ಕೊಡಿ ಇಲ್ಲಿ

ಫೋನು ಕೊಡಿ ಇಲ್ಲಿ, ನಾನು ತೆಗೆಯುತ್ತೇನೆ.
ಕೈ ಚಾಚಿ ನಿಮ್ಮನ್ನು ನೀವೇ ತೆಗೆದುಕೊಂಡರೆ
ಮೂಗು ದಪ್ಪ ಬರುತ್ತದೆ, ಬೆಟ್ಟ ಬರುವುದೇ ಇಲ್ಲ.
ಹೆದರಬೇಡಿ, ಹಿಡಿದು ಓಡುವ ವಯಸ್ಸಲ್ಲ.
ಪ್ಯೋ ಗಿಲ್‌ಮಾನ್ ಎಂದರೆ ಈ ಪಾರ್ಕಿನ ಪಾರಿವಾಳಕ್ಕೂ ಗೊತ್ತು:
ಮೂವತ್ತೊಂದು ವರ್ಷ ಇದೇ ಜಾಗ, ಹೂಗಡಿಯಾರದ ಎದುರು,
ಕೊರಳಲ್ಲಿ ಕ್ಯಾಮೆರಾ, ತೋಳಿಗೆ ಹಳದಿ ಪಟ್ಟಿ.

ಸ್ವಲ್ಪ ಎಡಕ್ಕೆ. ಹಾಂ.
ಗೋಪುರ ನಿಮ್ಮ ನೆತ್ತಿಯಿಂದ ಕೊಂಬಿನ ಹಾಗೆ ಮೊಳೆಯಬಾರದಲ್ಲ.

ಯೊಂಗ್‌ದುಸಾನ್ ಎಂದರೆ ಡ್ರ್ಯಾಗನ್ ತಲೆಯ ಬೆಟ್ಟ.
ನೀವು ಎಸ್ಕಲೇಟರಿನಲ್ಲಿ ನಿಂತೇ ಬಂದಿರಿ, ಅದರ ಗಂಟಲೊಳಗಿಂದ.
ಮೊದಲು ಇದು ಬರೀ ಪೈನ್ ಮರಗಳ ಗುಡ್ಡವಂತೆ,
ಮರದ ಸಂದಿಯಲ್ಲಿ ಕಡಲು ಕಾಣುತ್ತಿತ್ತಂತೆ.
ಜಪಾನಿಯರು ಬಂದು ನೆತ್ತಿಯ ಮೇಲೆ ತಮ್ಮ ದೇವರನ್ನು ಕೂರಿಸಿದರು;
ಅವರೂ ಹೋದರು, ದೇವರೂ ಹೋಯಿತು.
ಆಮೇಲೊಬ್ಬ ಅಧ್ಯಕ್ಷರ ಕಾವ್ಯನಾಮ ಇಟ್ಟರು ಪಾರ್ಕಿಗೆ;
ಏಪ್ರಿಲ್‌ನಲ್ಲಿ ಹುಡುಗರು ಬೀದಿಗಿಳಿದರು, ಹೆಸರೂ ಇಳಿಯಿತು.
ಬಂದವರೆಲ್ಲ ಬೆಟ್ಟಕ್ಕೊಂದು ಟೋಪಿ ಹಾಕಿಯೇ ಹೋದರು.

ನಗಬೇಡಿ ಇನ್ನೂ. ಮೋಡ ಸರಿಯಲಿ.

ನಾನು ಬಂದದ್ದು ಟೋಪಿಯಿಲ್ಲದ ಕಾಲದಲ್ಲಿ.
ಆರು ವರ್ಷ ನನಗೆ. ಹುಂಗ್‌ನಾಮ್ ಬಂದರಿನಿಂದ ಹಡಗಿನ ಹೊಟ್ಟೆಯಲ್ಲಿ.
ಅಮ್ಮ ಅಜ್ಜಿಯನ್ನು ಕರೆತರಲು ಊರಿಗೆ ತಿರುಗಿದಳು,
ನಾಡಿದ್ದು ಬರುತ್ತೇನೆ ಅಂದಳು.
ಆ ನಾಡಿದ್ದು ಇನ್ನೂ ಆಗಿಲ್ಲ.
ಉತ್ತರದಿಂದ ಉತ್ತರ ಬರುವುದಿಲ್ಲ.

ನೀವು ನಿಂತಿದ್ದೀರಲ್ಲ, ಅಲ್ಲೇ ಎಲ್ಲೋ ನಮ್ಮ ಗೂಡು:
ಸೈನ್ಯದವರು ಎಸೆದ ರಟ್ಟು, ಡಬ್ಬಿ ಬಡಿದು ಹಾಸಿದ ತಗಡು.
ಒಬ್ಬರು ಕೆಮ್ಮಿದರೆ ಮೂರನೇ ಮನೆಯ ದೀಪ ಆರುತ್ತಿತ್ತು.
ಸಂಜೆಯಾದರೆ ಅಪ್ಪ ಯೊಂಗ್‌ದೊ ಸೇತುವೆಗೆ ಹೋಗುತ್ತಿದ್ದ;
ತಪ್ಪಿಸಿಕೊಂಡವರೆಲ್ಲ ಅಲ್ಲೇ ಸಿಗೋಣ ಎಂದುಕೊಂಡಿದ್ದರು.
ಕಂಬಕ್ಕೆಲ್ಲ ಹೆಸರಿನ ಚೀಟಿ, ಅಡಿಯಲ್ಲಿ ಸಾಲಾಗಿ ಶಾಸ್ತ್ರ ಹೇಳುವವರು.
ಒಬ್ಬ ಕುರುಡ, ಹೂ ಬಿಡುವ ಹೊತ್ತಿಗೆ ಬರುತ್ತಾಳೆ ಅಂದ.
ಅಪ್ಪ ಎರಡು ದಿನದ ಕೂಲಿ ಕೊಟ್ಟು ಬಂದ.
ಯಾವ ಹೂ ಎಂದು ಕೇಳಲಿಲ್ಲ.

ನಮ್ಮ ಡ್ರ್ಯಾಗನ್ ನೀರಿನದು, ಬೆಂಕಿ ಉಗುಳುವ ಜಾತಿಯಲ್ಲ.
ಐವತ್ತನಾಲ್ಕರ ಡಿಸೆಂಬರಿನಲ್ಲಿ ಉಗುಳಿತು.
ಅಪ್ಪ ಒಂದು ಕಂಕುಳಲ್ಲಿ ನನ್ನನ್ನು, ಇನ್ನೊಂದರಲ್ಲಿ ಅಕ್ಕಿ ಚೀಲವನ್ನು
ಇರುಕಿಕೊಂಡು ಇಳಿದ.
ಅಮ್ಮ ಗೋಡೆಯ ಮೊಳೆಯಲ್ಲೇ ಉಳಿದಳು,
ಅಂಗೈಯಗಲದ ಒಂದೇ ಒಂದು ಫೋಟೊ.

ಅದಕ್ಕೇ ನಾನು ಕ್ಯಾಮೆರಾ ಹಿಡಿದೆ ಎಂದು ಪೇಪರಿನವರು ಬರೆದರು ಒಮ್ಮೆ.
ಸುಳ್ಳು. ಹಡಗುಕಟ್ಟೆಯ ಮೂಟೆಗಿಂತ ಹಗುರವಾಗಿತ್ತು, ಅಷ್ಟೇ.

ಗೋಪುರ ಎದ್ದಿತು. ಮಧುಚಂದ್ರದವರು ಬಂದರು,
ಬಾಡಿಗೆ ಕೋಟು, ಹೊಸ ಸೂಟ್‌ಕೇಸು,
ಇಬ್ಬರ ನಡುವೆ ಒಂದು ಗೇಣು ನಾಚಿಕೆ.
ಹತ್ತಿರ ಬನ್ನಿ, ಹತ್ತಿರ ಬನ್ನಿ: ಇದೇ ನನ್ನ ಕಸುಬು.

ಒಂದು ವಸಂತ, ಒಬ್ಬ ಹೆಂಗಸು ಒಂಟಿಯಾಗಿ ಬಂದಳು,
ಬೂದುಬಣ್ಣದ ಹನ್‌ಬೊಕ್, ಕೈಯಲ್ಲಿ ಬಿಚ್ಚದ ಕೊಡೆ.
ಎಲ್ಲಿ ನೋಡಲಿ, ಎಂದು ಕೇಳಿದ ಮಾತಿನಲ್ಲಿ ನಮ್ಮ ಕಡೆಯ ಎಳೆತ.
ನಾನು ಇಲ್ಲಿ ಅಂದೆ.
ಒಂದು ಪ್ರತಿ ಅಂಚೆಗೆ ಹಾಕಿದೆ.
ಇನ್ನೊಂದು ನಮ್ಮ ಮನೆಯ ಗೋಡೆಯಲ್ಲಿದೆ.
ಚುಸೋಕ್ ಬೆಳಿಗ್ಗೆ ಮೊಮ್ಮಕ್ಕಳು ಅದಕ್ಕೇ ಬಾಗುತ್ತಾರೆ,
ಮುತ್ತಜ್ಜಿ ಎನ್ನುತ್ತಾರೆ. ನಾನು ತಿದ್ದಿಲ್ಲ.
ಆಗಿನ್ನೂ ಆಕೆ ಬದುಕಿದ್ದಳೋ ಏನೋ,
ಬದುಕಿದ್ದವಳಿಗೆ ಧೂಪ ಹಾಕಿದೆನೋ ಏನೋ.

ಹೂವಿನ ಗಡಿಯಾರ ಅನ್ನುತ್ತಾರೆ ಇದಕ್ಕೆ.
ಎಷ್ಟು ಹೂ ನೆಟ್ಟರೂ ಮುಳ್ಳು ಮೂರೇ.
ಸೆಕೆಂಡಿನದು ಎಲ್ಲಕ್ಕಿಂತ ತೆಳ್ಳಗೆ,
ಅದೇ ಚುಚ್ಚುವುದು.

ಬಂತು ಬಿಸಿಲು. ಹತ್ತಿರ ಬನ್ನಿ,
ಇನ್ನೂ ಹತ್ತಿರ.
ಅಯ್ಯೋ, ಕಣ್ಣು ಮುಚ್ಚಿದಿರಿ.
ಇರಲಿ, ಇನ್ನೊಂದು ತೆಗೆಯೋಣ.