ಬಿಟ್ಟ ಸ್ಥಳ ತುಂಬಿರಿ

ಪೆರ್ಲ ಪೇಟೆ, ಮೊಬೈಲ್ ರಿಪೇರಿಯವನ ಮೇಲಿನ ಮಾಳಿಗೆ,
ಅಕ್ಷಯ ಕೇಂದ್ರದ ಎರಡನೇ ಕಂಪ್ಯೂಟರು ನನ್ನದು.
ಹದಿಮೂರು ವರ್ಷದಿಂದ ತುಂಬುತ್ತಿದ್ದೇನೆ
ಊರವರ ಬಿಟ್ಟ ಸ್ಥಳಗಳನ್ನು.

ಐತ ಬಂದದ್ದು ಕಲ್ಲಿನ ಕೋರೆಯಿಂದ ನೇರ,
ರೆಪ್ಪೆಯ ಮೇಲೂ ಕೆಂಪು ಹುಡಿ.
ಹಿಂದೆ ಮಗಳು ಜಿತಾಕ್ಷಿ,
ಎದೆಗೊತ್ತಿ ಹಿಡಿದ ಪ್ಲಾಸ್ಟಿಕ್ ಫೈಲು.
"ಹಲ್ಲಿನ ಡಾಕ್ಟ್ರಿಕೆಗೆ ಸೀಟು ಸಿಕ್ಕಿತಕ್ಕ,
ಸರಕಾರದ ಪೈಸೆ ಉಂಟಂತೆ, ನೀವೊಮ್ಮೆ ಒತ್ತಿ ನೋಡಿ."

ಒತ್ತಿದೆ.
ರೇಶನ್ ಕಾರ್ಡಿನಲ್ಲಿ ಅವನು ಐತ,
ಆಧಾರಿನಲ್ಲಿ ಐತಪ್ಪ,
ಮಗಳ ಹತ್ತನೆಯ ಪುಸ್ತಕದಲ್ಲಿ, ಮಲಯಾಳದ ಮಾಸ್ತರ ಕೈಯಲ್ಲಿ,
ಅಯಿತ್ತನ್.
ಮೂವರು ಅಪ್ಪಂದಿರ ಮಗಳಿಗೆ ಕೊಡಲಾಗದು ಎಂದಿತು ಪರದೆ.
ವಿಲ್ಲೇಜ್ ಆಫೀಸಿಗೆ ಮೂರು ಸಲ, ಮೂರು ದಿನದ ಕೂಲಿ ನಷ್ಟ,
ಕೊನೆಗೊಂದು ಮೊಹರಿನ ಕಾಗದ: ಈ ಮೂವರೂ ಒಬ್ಬನೇ.
ಐತ ಅದನ್ನು ನನ್ನಿಂದ ಎರಡು ಸಲ ಓದಿಸಿ ನಕ್ಕ,
"ನನಗೆ ಮೊದಲೇ ಸಂಶಯ ಇತ್ತು."

ವಾರ್ಷಿಕ ಆದಾಯ. ಮನೆ ಸ್ವಂತದ್ದೋ. ಜಾತಿ.
ಅಲ್ಲಿಗೆ ಬಂದಾಗ ಹುಡುಗಿ ಕಿಟಕಿಯ ಕಡೆ ನೋಡಿದಳು,
ಕೇಳದೆಯೇ ತುಂಬಿದೆ.
ಕೊನೆಯ ಪ್ರಶ್ನೆ:
ಬೇರೆ ಯಾವುದೇ ಮೂಲದಿಂದ ನೆರವು ಸಿಗುತ್ತಿದೆಯೇ?
ಇಲ್ಲ ಎಂಬಲ್ಲಿ ಒತ್ತಿದೆ.

ಅರ್ಜಿ ಪರಿಶೀಲನೆಯಲ್ಲಿದೆ.
ಇಗರ್ಜಿಯ ನಕ್ಷತ್ರ ಇಳಿಯಿತು, ಬಿಸು ಬಂತು, ಹೋಯಿತು,
ಅರ್ಜಿ ಪರಿಶೀಲನೆಯಲ್ಲಿದೆ.

ಮೊದಲ ವರ್ಷ ಮೇಣ ಕೊರೆದು ಹಲ್ಲು ಮಾಡಬೇಕಂತೆ.
ಚಾಕು, ಚಿಮಟ, ಬಿಳಿ ಕೋಟು, ಪೆಟ್ಟಿಗೆ ಸೇರಿ ಇಪ್ಪತ್ತೆಂಟು ಸಾವಿರ.
ಹನ್ನೊಂದು ಹೆಂಗಸರ ಕುಟುಂಬಶ್ರೀ
ಉಪ್ಪಿನಕಾಯಿ ಘಟಕಕ್ಕೆಂದು ಎತ್ತಿದ ಸಾಲವನ್ನು
ಅವಳ ಹೆಸರಿಗೆ ತಿರುಗಿಸಿತು.
ಸಹಿ ಹತ್ತು, ಹೆಬ್ಬೆಟ್ಟು ಒಂದು,
ಆ ವರ್ಷ ಮಾವಿನಮಿಡಿ ಮರದಲ್ಲೇ ಹಣ್ಣಾಯಿತು.
ಕಂಡಕ್ಟರ್ ಬಾತಿಶ ವಿದ್ಯಾರ್ಥಿಗಳ ರಿಯಾಯಿತಿಯನ್ನು
ಭಾನುವಾರವೂ ನಡೆಸಿದ, ಅವಳೊಬ್ಬಳಿಗೆ,
ಮುಖ ಆಚೆ ಮಾಡಿಕೊಂಡು.

ಮತ್ತೆ ನಿಜವಾದ ಹಲ್ಲು ತನ್ನಿ ಎಂದರಂತೆ,
ಕಿತ್ತದ್ದು, ಮನುಷ್ಯರದು, ಕಲಿಯಲಿಕ್ಕೆ.
ಪೇಟೆಯಲ್ಲಿ ಅದಕ್ಕೂ ರೇಟುಂಟು.
ಕೋರೆಯ ಗಂಡಸರು,
ನಾಳೆ ನಾಳೆ ಎಂದು ಲವಂಗ ಕಚ್ಚಿ ನೋವು ನುಂಗುತ್ತಿದ್ದವರು,
ಅದೇ ತಿಂಗಳು ಒಬ್ಬೊಬ್ಬರಾಗಿ ಹೋಗಿ ಕೀಳಿಸಿಕೊಂಡು
ಪೇಪರಿನಲ್ಲಿ ಕಟ್ಟಿ ತಂದರು.
ಐತ ಕೊಟ್ಟದ್ದು ಕೋರೆಹಲ್ಲು.
ನಗುವಾಗ ಈಗ ಎಡಗಡೆ
ಕಲ್ಲು ಎಬ್ಬಿಸಿದ ಜಾಗ ಕಾಣುತ್ತದೆ.

ಇದನ್ನೆಲ್ಲ ಯಾವ ಕಾಲಮಿನಲ್ಲಿ ತುಂಬಲಿ?
ಇಲ್ಲ ಎಂದು ಒತ್ತಿಯಾಗಿದೆ.
ತಿದ್ದುವ ಗಡುವು ಮುಗಿದಿದೆ.

ಪೈಸೆ ಬಂತು. ಹದಿನೇಳು ತಿಂಗಳ ಮೇಲೆ,
ಒಂದು ಮಂಗಳವಾರ ಹನ್ನೊಂದೂಕಾಲಿಗೆ.
ಕಲ್ಲು ಕೊಯ್ಯುವ ಯಂತ್ರದ ಸದ್ದಿಗೆ ಐತನ ಫೋನು ಕೇಳಿಸಲಿಲ್ಲ.
ಸಂಜೆ ಮೆಸೇಜು ತೋರಿಸಿ ಕೇಳಿದ,
"ಇದು ಯಾವ ಐತನಿಗೆ ಬಂದದ್ದಕ್ಕ?"

ಮೊನ್ನೆ ಜಿತಾಕ್ಷಿ ಬಂದಿದ್ದಳು, ನಾಲ್ಕನೇ ವರ್ಷದ ಅರ್ಜಿಗೆ.
ನಾನು ಒಂದು ಕೈಯಲ್ಲಿ ಕೆನ್ನೆ ಹಿಡಿದು
ಇನ್ನೊಂದರಲ್ಲಿ ಟೈಪು ಮಾಡುತ್ತಿದ್ದೆ.
ಬಾಯಿ ತೆರೆಯಿರಿ, ಅಂದಳು.
ಮೊಬೈಲಿನ ಟಾರ್ಚು, ತಣ್ಣನೆಯ ಎರಡು ಬೆರಳು,
ಗದ್ದವನ್ನು ಎತ್ತಿ ತಿರುಗಿಸಿದ ರೀತಿಯಲ್ಲಿ
ಆ ಫೈಲು ಹಿಡಿದ ಹುಡುಗಿ ಇರಲಿಲ್ಲ.
"ಕೀಳಿಸಬೇಡಿ ಅಕ್ಕ. ತುಂಬಿಸಿದರೆ ಸಾಕು.
ಕಾಲೇಜಿಗೆ ಬನ್ನಿ, ನಾನೇ ತುಂಬುತ್ತೇನೆ,
ಸರ್ ಪಕ್ಕದಲ್ಲೇ ಇರುತ್ತಾರೆ. ಚೀಟಿಗೆ ಹತ್ತು ರೂಪಾಯಿ."

ಮೆಟ್ಟಿಲ ತನಕ ಕ್ಯೂ. ಯಾರೋ ಕೆಮ್ಮಿದರು.
ನಾನು ಬಾಯಿ ತೆರೆದೇ ಕೂತಿದ್ದೆ,
ಪರದೆಯ ಮೇಲೆ ಕರ್ಸರು
ಅದೇ ಪ್ರಶ್ನೆಯ ಮುಂದೆ ಮಿನುಗುತ್ತ,
ಬೇರೆ ಯಾವುದೇ ಮೂಲದಿಂದ