ಮೊದಲು ಒಳ್ಳೆ ಕಾಲು

ಮೊದಲು ಒಳ್ಳೆ ಕಾಲಿಗೇ ಕೇಳಬೇಕು.
ತೊಡಿ ಒಂದು ಕೈಯಾಗ, ಮೀನಖಂಡ ಇನ್ನೊಂದರಾಗ,
ತುಸು ಮಡಿಚಿ ಮುಂದಕ್ಕ ಎಳೆದರ
ಒಳಗೆಲ್ಲೋ ಗಕ್ಕನ ನಿಲ್ಲತದ,
ಕಟ್ಟಿದ ಎಮ್ಮಿ ಹಗ್ಗದ ಕೊನಿ ಮುಟ್ಟಿ ನಿಂತಂಗ.

ಆಮ್ಯಾಲ ಬಾತ ಕಾಲು.
ಎಳದೆ. ಬಂತು. ಇನ್ನಾ ಬಂತು.
ಎಮ್ಮಿ ಇಲ್ಲ, ಗೂಟ ಇಲ್ಲ.

ಜಗದೇವಿ ಫ್ಯಾನ್ ನೋಡಕೋತ ಮಲಗಿದ್ದಳು.
ಚಿತ್ತಾಪುರದ ಕಬಡ್ಡಿಯಾಗ
ಗೆರಿ ಮುಟ್ಟಿ ಹೊಳ್ಳುವಾಗ ಪಾದ ಮಣ್ಣಾಗೇ ಉಳೀತು,
ಮೈ ಮಾತ್ರ ಹೊಳ್ಳಿತು.
ಟಪ್ ಅಂದದ್ದು ಎದುರು ಟೀಮಿಗೂ ಕೇಳಿಸ್ತಂತ.
ಒಬ್ಬ ತಿಕ್ಕಿದ, ಇನ್ನೊಬ್ಬ ಜಗ್ಗಿದ,
ಮತ್ತೊಬ್ಬ ಎಕ್ಸ್‌ರೇ ನೋಡಿ
‘ಎಲುಬು ಗಟ್ಟಿ ಅದ’ ಅಂತ ಮನಿಗೆ ಕಳಿಸಿದ.
ಗಟ್ಟಿನೇ ಅದ. ಎಕ್ಸ್‌ರೇಗೆ ಹಗ್ಗ ಕಾಣಂಗಿಲ್ಲ.

ಎಂ.ಆರ್.ಐ. ರಾತ್ರಿ ಹತ್ತರ ಮ್ಯಾಲಾದ್ರ ಸಾವಿರ ಕಮ್ಮಿ.
ಸೇಡಂ ರೋಡಿನಾಗ ಆಕಿ ಮೂಗುಬೊಟ್ಟು ಬಿಚ್ಚಲಿಕ್ಕ
ಅರ್ಧ ತಾಸು: ಸಾಬಾಣ, ಎಣ್ಣಿ,
ಕೊನಿಗೆ ನರ್ಸಮ್ಮನ ಬೈಗುಳ.
ಒಳಗ ಇಪ್ಪತ್ತೈದು ನಿಮಿಷ
ಯಾರೋ ಸುತ್ತಗಿ ಬಡದಂಗ ಬಡೀತಂತ.
‘ಅಪ್ಪನ ಖಣಿ ನೆಪ್ಪಾಯ್ತು’ ಅಂದಳು.

ಅಪ್ಪ ಮಾಪಣ್ಣ, ಶಹಾಬಾದದಾಗ ಫರಸಿ ಒಡಿಯಾಂವ.
ಫಿಲ್ಮ್ ಕಿಟಕಿಗಿ ಹಿಡದು ಕೇಳಿದ:
‘ಇದರಾಗ ಬ್ಯಾನಿ ಎಲ್ಲಿ ಅದರಿ?’
ಬ್ಯಾನಿ ಇದರಾಗ ಬರಂಗಿಲ್ಲ ಅಂದೆ.
ಇಲ್ಲಿ ಓರೆಯಾಗಿ ಒಂದು ಕರೀ ಪಟ್ಟಿ ಇರಬೇಕಿತ್ತು,
ಬೂದಿ ಕದಡಿದಂಗ ಅದ. ಸುತ್ತ ಬೆಳ್ಳಗ ಕಾಣೋದು ನೀರು.
ರಿಪೋರ್ಟಿನಾಗ ಬರದಾರ: ಅರ್ಧ ಹರಿದಿರಬಹುದು.
ನನ್ನ ಕೈ ಹೇಳ್ತದ: ಪೂರಾ.

ಆಂವ ಗೆಣ್ಣಿಲೆ ನನ್ನ ಟೇಬಲ್ಲಿನ ಕಲ್ಲು ಬಡದ,
ಕಿವಿಗೊಟ್ಟ.
‘ಸೀಳಿದ್ದ ಫರಸಿನೂ ಮ್ಯಾಲ ನುಣ್ಣಗೇ ಇರ್ತದ ಸಾಹೇಬ್ರ,
ಸಪ್ಪಳ ಬ್ಯಾರೆ. ಬಡದು ಹೇಳತೀನಿ ನಾ.
ಆದ್ರ ಈ ಕಿವಿ ಎರಡು ಸಲ ತಪ್ಪ್ಯಾದ.
ಒಂದು ಸಲ ಕಲ್ಲಷ್ಟೇ ಹೋತು.
ಇನ್ನೊಂದು ಸಲ ತಮ್ಮನ ಬಟ್ಟು.’

ದೊಡ್ಡ ಡಾಕ್ಟರಿಗೆ ಬರದ ಚೀಟಿಯಾಗ
‘ಪೂರಾ’ ಅನ್ನೋದು ಹೊಡದು ಹಾಕಿ
‘ಪೂರಾ ಅನಸ್ತದ, ನೀವೂ ಕೈ ಹಚ್ಚಿ ನೋಡ್ರಿ’ ಅಂತ ತಿದ್ದಿದೆ.

ಆಪರೇಷನ್ ಆದ್ರ ಒಂಬತ್ತು ತಿಂಗಳು ಅಂದೆ.
ಆಕಿ ಬಟ್ಟಿನ ಗೆರಿ ಎಣಿಸಿದಳು, ಮಧ್ಯದಾಗೇ ಬಿಟ್ಟಳು.
ಬಾಗಲದಾಗ ನಿಂತು ಕೇಳಿದಳು,
ಯಾವ ಕಾಲು ಮೊದಲು?

ಹತ್ತುವಾಗ ಒಳ್ಳೇದು,
ಇಳಿವಾಗ ಬ್ಯಾನೀದು.
ನನ್ನ ಕ್ಲಿನಿಕ್ಕಿಗೆ ಏಳು ಮೆಟ್ಟಲ.